ನೇರಳೆ ಮರದ ಹತ್ತಿರ ತುಂಡಾದ ದಾರಿ

ತಪ್ಪು ನನ್ನದೇ. ಅರ್ಧ ತಪ್ಪು ಮೇಲಟ್ಟಿಯ ಚೆಲುವಯ್ಯನವರದ್ದೂ ಹೌದು, ಆದರೆ ಸಂಘದ ಅಧ್ಯಕ್ಷೆ ನಾನಾಗಿದ್ದರಿಂದ ಜನ ಇವತ್ತಿಗೂ ನನ್ನ ಹೆಸರನ್ನೇ ಮೊದಲು ಹೇಳುತ್ತಾರೆ. ಹೇಳಲಿ ಬಿಡಿ. ಈಗ ಕೇಳಿದರೆ ನನಗೇ ನಗು ಬರುತ್ತದೆ. ಆಗ ಮಾತ್ರ ಮೂರು ದಿನ ಗಂಟಲಲ್ಲಿ ಅನ್ನ ಇಳಿದಿರಲಿಲ್ಲ.

ನಮ್ಮೂರು ಕಣಿವೆಯ ತಳದಲ್ಲಿದೆ. ಸುತ್ತ ನಾಲ್ಕು ಬೆಟ್ಟ, ಬೆಟ್ಟಗಳ ಮೇಲೆ ಅಲ್ಲೊಂದು ಇಲ್ಲೊಂದು ಹಟ್ಟಿ, ಹಟ್ಟಿಗಳಿಗೂ ಊರಿಗೂ ನಡುವೆ ಹದಿಮೂರು ಕಾಲುದಾರಿ. ಪ್ರತಿ ದಾರಿಯ ಎರಡೂ ಕೊನೆಯಲ್ಲಿ ಒಂದೊಂದು ತುದಿಗಲ್ಲು. ಒಂಬತ್ತು ದಿನಕ್ಕೊಮ್ಮೆಯಾದರೂ ಯಾರಾದರೊಬ್ಬರು ಈ ತುದಿಗಲ್ಲಿನಿಂದ ಆ ತುದಿಗಲ್ಲಿನವರೆಗೆ ನಡೆಯಬೇಕು. ನಡೆಯದಿದ್ದರೆ ದಾರಿ ಎದ್ದು ಹೋಗುತ್ತದೆ. ಹೇಗೋ ನಡೆದರೆ ಆಗದು, ದಾರಿಗಾಗಿಯೇ ನಡೆಯಬೇಕು. ಹಾಲು ಹಾಕಲು ಇಳಿಯುವವರು, ಸಂತೆಗೆ ಹೊರಟವರು, ಸೌದೆ ಹೊತ್ತವರು, ಮಗಳ ಮನೆಗೆ ಹೋಗುವವರು ದಿನಕ್ಕೆ ಹತ್ತು ಸಲ ಓಡಾಡಿದರೂ ದಾರಿ ಅದನ್ನು ನಡಿಗೆ ಎಂದು ಒಪ್ಪುವುದಿಲ್ಲ. ಬರಿಗೈಯಲ್ಲಿ, ಆ ತುದಿಯಲ್ಲಿ ತನಗೆ ಯಾವ ಕೆಲಸವೂ ಇಲ್ಲದೆ ನಡೆದುಬಂದವರ ಕಾಲು ಮಾತ್ರ ಅದಕ್ಕೆ ಬೇಕು. ಅಂಥ ಪುರುಸೊತ್ತು ಎಲ್ಲರಿಗೂ ಎಲ್ಲಿರುತ್ತದೆ? ಅದಕ್ಕೇ ನಮ್ಮ ಕಾಲುದಾರಿ ಸಂಘ ಇರುವುದು.

ಸಂಘದಲ್ಲಿ ನಾವು ನಲವತ್ತೊಂದು ಜನ. ಕ್ಷೌರದಂಗಡಿಯವರಿದ್ದಾರೆ, ಬ್ಯಾಂಕಿನಿಂದ ನಿವೃತ್ತರಾದವರಿದ್ದಾರೆ, ಒಬ್ಬರನ್ನು ಕಂಡರೆ ಒಬ್ಬರಿಗಾಗದ ಇಬ್ಬರು ಓರಗಿತ್ತಿಯರೂ ಇದ್ದಾರೆ. ಶನಿವಾರ ಮಚ್ಚು, ಗುದ್ದಲಿ ಹಿಡಿದು ಹೋಗಿ ಲಂಟಾನ ಕಡಿಯುವುದು, ಕುಸಿದ ಮೆಟ್ಟಿಲಿಗೆ ಕಲ್ಲು ಕೂರಿಸುವುದು. ಅದು ಕೆಲಸ, ನಡಿಗೆಯಲ್ಲ. ನಡಿಗೆಗೆ ಬೇರೆ ದಿನ, ಬೇರೆ ಪಾಳಿ. ನೀರಿನ ಬಾಟಲಿ ಹಿಡಿದು ನಡೆದರೆ ಅದು ಹೊರೆಯೋ ಅಲ್ಲವೋ ಎಂಬುದರ ಮೇಲೆ ನಮ್ಮಲ್ಲಿ ಮೂರು ಸಭೆ ನಡೆದಿವೆ. ಹೊರೆಯೇ ಎಂದು ನಾನು ತೀರ್ಪು ಕೊಟ್ಟೆ. ಹೊರಡುವ ಮುಂಚೆ ಹೊಟ್ಟೆ ತುಂಬ ಕುಡಿದು ಹೊರಡಿ, ಒಳಗಿರುವುದನ್ನು ಯಾರೂ ಕೇಳುವುದಿಲ್ಲ ಎಂದೆ. ನಾನು ಸ್ವಲ್ಪ ಕಟ್ಟುನಿಟ್ಟಿನವಳು. ಪಾಳಿ ತಪ್ಪಿಸಿದವರಿಗೆ ನಾನು ಬೈದ ಬೈಗುಳ ಸಂತೆಬೀದಿಯ ಈ ಮೂಲೆಯಿಂದ ಆ ಮೂಲೆಗೆ ಕೇಳಿಸಿದ ದಿನಗಳಿವೆ.

ಹಾಗೆ ಬೈಯದಿದ್ದರೆ ನಡೆಯುವುದಿಲ್ಲ ಸ್ವಾಮಿ. ಹುಣಸೆತೋಪಿನ ದಾರಿಯನ್ನು ಒಂದು ಸಲ ಮದುವೆ ಓಡಾಟದಲ್ಲಿ ಎಲ್ಲರೂ ಮರೆತರು. ಅದು ಎದ್ದು ಹೋಗಿ ಕೆರೆಯನ್ನು ಸುತ್ತಿಕೊಂಡು ಮಲಗಿತು. ತೋಪಿನ ಕಡೆಯವರು ಬೆಳಿಗ್ಗೆ ಊರಿಗೆಂದು ಹೊರಟು, ಕೆರೆಗೆ ಏಳು ಸುತ್ತು ಹಾಕಿ, ಸಾಯಂಕಾಲ ಮನೆಗೇ ವಾಪಸು ಬಂದರು. ಹೊಸ ಮದುಮಗಳೂ ಅವರ ಜೊತೆ ಸುತ್ತಿದಳು. ಅದನ್ನು ಹೇಗೋ ಕರೆತಂದೆವು. ಆದರೆ ಎರಡನೆಯ ಸಲ ಎದ್ದುಹೋದ ದಾರಿ ಮರಳಿ ಬರುವುದಿಲ್ಲ. ಹಳೆಗೋಮಾಳದ ದಾರಿ ಹಾಗೆ ಹೋದದ್ದು, ಈಗ ಅಲ್ಲಿನ ಆರು ಮನೆಯವರೂ ಊರೊಳಗೆ ಬಾಡಿಗೆಗೆ ಇದ್ದಾರೆ.

ನಾನು ದೇವೀರಮ್ಮ, ಸಂತೆಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದೇನೆ. ಶಾಲೆ ಮಕ್ಕಳ ಸಮವಸ್ತ್ರವೆಲ್ಲ ನನ್ನದೇ ಕೈ. ಗಂಡ ಹೋಗಿ ಹನ್ನೊಂದು ವರ್ಷವಾಯಿತು. ವಯಸ್ಸು ಐವತ್ತೇಳು, ಕಾಲು ಗಟ್ಟಿ. ಹಾಗಾಗಿ ಹದಿಮೂರರಲ್ಲಿ ಎಲ್ಲಕ್ಕಿಂತ ಕಡಿದಾದ ಮೇಲಟ್ಟಿಯ ದಾರಿಯನ್ನು ನಾನೇ ಇಟ್ಟುಕೊಂಡಿದ್ದೆ. ಪ್ರತಿ ಬುಧವಾರ ಇಲ್ಲಿಂದ ನಾನು ಹತ್ತಬೇಕು, ಅಲ್ಲಿಂದ ಚೆಲುವಯ್ಯನವರು ಇಳಿಯಬೇಕು. ಒಬ್ಬರು ತಪ್ಪಿಸಿದರೂ ಇನ್ನೊಬ್ಬರು ಇರುತ್ತಾರಲ್ಲ ಎಂಬ ಮುಂಜಾಗ್ರತೆ. ಈ ಏರ್ಪಾಡು ಮಾಡಿದ ಬುದ್ಧಿವಂತೆಯೂ ನಾನೇ.

ಚೆಲುವಯ್ಯನವರು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದು ನಿವೃತ್ತರಾದವರು. ಒಂಟಿ ಮನುಷ್ಯ. ಮನೆಯ ಹಿಂದೆ ಎಂಟು ಜೇನು ಪೆಟ್ಟಿಗೆ ಇಟ್ಟುಕೊಂಡು ಮೇಲಟ್ಟಿಯಲ್ಲಿದ್ದರು. ಎರಡೂ ಕಡೆಯಿಂದ ನಡೆದವರು ನಡುವೆ ಎಲ್ಲೋ ಎದುರಾಗಲೇಬೇಕಷ್ಟೆ. ನಾವು ಎದುರಾಗುತ್ತಿದ್ದುದು ನೇರಳೆ ಮರದ ಹತ್ತಿರ. ಅಲ್ಲೊಂದು ಚಪ್ಪಟೆ ಬಂಡೆ ಇದೆ. ಮೊದಲಲ್ಲಿ "ನಮಸ್ಕಾರ", "ಚೆನ್ನಾಗಿದ್ದೀರಾ", ಅಷ್ಟೇ. ಅವರು ಕೆಳಗೆ, ನಾನು ಮೇಲೆ. ಹೋದ ವರ್ಷ ಬೇಸಿಗೆಯಲ್ಲಿ ಒಂದು ದಿನ ಬಿಸಿಲು ಜೋರಾಗಿತ್ತು, ಎರಡು ನಿಮಿಷ ಕೂತೆವು. ಅವರು ಕಂಬದ ತುದಿಯಲ್ಲಿ ಕೂತಿದ್ದಾಗ ದಾರಿಯೊಂದು ಎದ್ದು ಹೋಗುವುದನ್ನು ಕಣ್ಣಾರೆ ಕಂಡದ್ದನ್ನು ಹೇಳಿದರು. ಬೆಕ್ಕು ಮೈಮುರಿದು ಏಳುತ್ತದಲ್ಲ, ಹಾಗೇ ಎದ್ದಿತಂತೆ. ನಾನು ನನ್ನ ಗಂಡ ಗುಂಡಿ ಹೊಲಿಯಲು ಕಲಿತ ಕಥೆ ಹೇಳಿದೆ. ಕಥೆ ಮುಗಿಯುವಾಗ ಸೂರ್ಯ ನೆತ್ತಿಯ ಮೇಲಿದ್ದ. ಇನ್ನು ಹತ್ತಿ ಇಳಿಯುವಷ್ಟರಲ್ಲಿ ಅಂಗಡಿ ಬಾಗಿಲು ತೆಗೆದ ಹಾಗೇ ಎಂದುಕೊಂಡು ನಾನು ಅಲ್ಲಿಂದಲೇ ತಿರುಗಿದೆ. ಅವರೂ ತಿರುಗಿದರು. "ಮುಂದ್ಲ ವಾರ ಪೂರ್ತಿ ನಡ್ಯವ ಬುಡಿ" ಎಂದರು.

ಮುಂದಿನ ವಾರ ಗುಂಡಿಯ ಕಥೆಯ ಉಳಿದ ಭಾಗ ಇತ್ತು.

ನೀವು ಕೇಳಬಹುದು, ಅಷ್ಟು ದಿನ ದಾರಿ ಹೇಗೆ ಸುಮ್ಮನಿತ್ತು ಎಂದು. ನಮ್ಮ ಸಂಘದ ಕಾರ್ಯದರ್ಶಿ ರುದ್ರೇಶ ಮೇಷ್ಟ್ರು ಪ್ರತಿ ಭಾನುವಾರ ಊರಿಗೆ ಹೊಸದಾಗಿ ಬಂದವರನ್ನು ಕರೆದುಕೊಂಡು ಅದೇ ದಾರಿಯಲ್ಲಿ ನಡೆಸುತ್ತಿದ್ದರು. ಪೋಸ್ಟಾಫೀಸಿಗೆ ವರ್ಗವಾಗಿ ಬಂದವರು, ಹೊಸ ನರ್ಸಮ್ಮ, ಸೊಸೆಯಂದಿರು, ಹೀಗೆ. ಅವರ ಕಾಲಿನಿಂದ ದಾರಿ ನಿಂತಿತ್ತು, ನಮ್ಮ ಕಾಲಿನಿಂದಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಈ ಬೇಸಿಗೆಯಲ್ಲಿ ನಾನು ಮೇಲಟ್ಟಿಯ ದಾರಿಯನ್ನು ಭಾನುವಾರದ ಪಟ್ಟಿಯಿಂದ ತೆಗೆದುಹಾಕಿದೆ. "ಬುಧವಾರ ನಾವಿಬ್ಬರು ಇದ್ದೇವಲ್ಲ, ನೀವು ಬೇರೆ ದಾರಿ ನೋಡಿ" ಎಂದು ರುದ್ರೇಶನಿಗೆ ಹೇಳಿದೆ. ನಿಜವಾದ ಕಾರಣ ಹೇಳಿಬಿಡುತ್ತೇನೆ. ಭಾನುವಾರದವರು ನಮ್ಮ ಬಂಡೆಯ ಮೇಲೆ ಕೂತು ನೇರಳೆ ಹಣ್ಣು ತಿಂದು ಬೀಜ ಉಗಿದು ಹೋಗುತ್ತಿದ್ದರು. ನೋಡಿದರೆ ನನಗೆ ಮೈ ಉರಿಯುತ್ತಿತ್ತು.

ಪಟ್ಟಿಯಿಂದ ತೆಗೆದ ಮೇಲೆ ಹತ್ತನೆಯ ದಿನ ಬುಧವಾರ. ಎಂದಿನಂತೆ ಹತ್ತಿದೆ. ನೇರಳೆ ಮರ ಬಂತು, ಬಂಡೆ ಬಂತು, ಅಲ್ಲಿಗೆ ದಾರಿ ಮುಗಿಯಿತು. ಮುಂದೆ ಬರೀ ಹುಲ್ಲು, ಲಂಟಾನ, ಕಲ್ಲು. ಯಾವತ್ತೂ ಅಲ್ಲಿ ಮನುಷ್ಯರು ಕಾಲಿಟ್ಟೇ ಇಲ್ಲ ಎನ್ನುವ ಹಾಗೆ. ಚೆಲುವಯ್ಯನವರೂ ಇಲ್ಲ. ನಾನು ಬಂಡೆಯ ಮೇಲೆ ಕೂತೆ. ದಾರಿ ಹೋಯಿತಲ್ಲ ಎಂದು ಎದೆ ಹೊಡೆದುಕೊಳ್ಳಬೇಕಾದ ಅಧ್ಯಕ್ಷೆ, ಅವರು ಬರಲಿಲ್ಲವಲ್ಲ ಎಂದು ಮಧ್ಯಾಹ್ನದವರೆಗೆ ಕಾದು ಕೂತಿದ್ದೆ.

ಊರಿಗೆ ಇಳಿದಾಗ ಮೇಲಟ್ಟಿಯಿಂದ ಹಾಲು ತರುವ ಮರಿಯಪ್ಪ ತುದಿಗಲ್ಲಿನ ಹತ್ತಿರ ಕ್ಯಾನು ಇಳಿಸಿಕೊಂಡು ಕೂತಿದ್ದ. ಸುತ್ತ ಜನ. ಕ್ಯಾನಿನಲ್ಲಿದ್ದ ಹಾಲೆಲ್ಲ ಒಡೆದು ಹೋಗಿತ್ತು.

"ನಮ್ದಾರಿ ಹೋಗಿ ಕಲ್ಲುಕ್ವಾರಿ ತಾವ ನಿಂತದೆ ಕಣಕ್ಕ" ಎಂದ. "ಅರ್ಧ ದಾರಿ ಗಂಟ ನೆಟ್ಟಗೆ ಬತ್ತು. ಆಮೇಲೆ ನೋಡ್ತೀನಿ, ಆಚೆ ಬೆಟ್ಟದಲ್ಲಿದ್ದೀನಿ. ಅಲ್ಲಿಂದ ಬಸ್ಸಿಗೆ ಕಾದು, ಸುತ್ತಾಕ್ಕೊಂಡು ಬರೋಷ್ಟ್ರಲ್ಲಿ ನಾಕು ಗಂಟೆ ಆಯ್ತು."

ಆಗಲೇ ನನಗೆ ಎಲ್ಲ ಹೊಳೆದಿತ್ತು. ಕೆಳಗಿನ ಅರ್ಧವನ್ನು ನಾನು, ಮೇಲಿನ ಅರ್ಧವನ್ನು ಅವರು ತಪ್ಪದೆ ನಡೆದಿದ್ದೆವು. ಇಬ್ಬರೂ ಅದೇ ಮರದ ಹತ್ತಿರ ತಿರುಗುತ್ತಿದ್ದೆವು. ದಾರಿ ಏನು ತಿಳಿಯಬೇಕು? ತಾನು ಎರಡು ಗಿಡ್ಡ ದಾರಿ ಎಂದು ತಿಳಿಯಿತು. ನನ್ನ ಅರ್ಧ ಮರದಡಿಯಲ್ಲೇ ಬಿದ್ದುಕೊಂಡಿತು, ಅವರ ಅರ್ಧ ಬೇರೆ ತುದಿ ಹುಡುಕಿಕೊಂಡು ಕ್ವಾರಿಯ ಟಾರು ರಸ್ತೆಗೆ ಹೋಗಿ ಸೇರಿತು. ಟಾರು ಹಾಕಿದ ರಸ್ತೆಗೆ ಏಳುವ ಶಕ್ತಿ ಇರುವುದಿಲ್ಲ, ಅದರ ಪಕ್ಕದಲ್ಲಿ ನೆಮ್ಮದಿ ಎಂದುಕೊಂಡಿತೋ ಏನೋ. ಆದರೆ ಅಲ್ಲೂ ಅದು ಒಂಬತ್ತು ದಿನಕ್ಕಿಂತ ಹೆಚ್ಚು ಇರುವುದಿಲ್ಲ. ಅಲ್ಲಿಂದ ಎದ್ದರೆ ಅದು ಎರಡನೆಯ ಸಲ. ಮೇಲಟ್ಟಿಗೆ ಬೇರೆ ದಾರಿ ಇಲ್ಲ.

ಮಾರನೆಯ ದಿನ ಸಂಘದ ಶೆಡ್ಡಿನಲ್ಲಿ ಸಭೆ ಕರೆದೆ. ಕರೆದು ಏನು ಮಾಡಿದೆ ಗೊತ್ತೇ? ಅರ್ಧ ಗಂಟೆ ಎಲ್ಲರಿಗೂ ಬೈದೆ. ಶಿಸ್ತಿಲ್ಲ ಎಂದೆ, ದಾರಿಯೆಂದರೆ ನಿಮಗೆ ತಮಾಷೆಯಾಗಿದೆ ಎಂದೆ. ಚೆಲುವಯ್ಯನವರೊಬ್ಬರನ್ನು ಬಿಟ್ಟು ಮೂವತ್ತೊಂಬತ್ತು ಜನವೂ ತಲೆ ತಗ್ಗಿಸಿ ಕೂತಿದ್ದರು. ರುದ್ರೇಶ, "ಭಾನುವಾರದ ನಡಿಗೆ ನಿಲ್ಲಿಸಬಾರದಿತ್ತು, ನಂದೇ ತಪ್ಪು" ಎಂದು ಕಣ್ಣಲ್ಲಿ ನೀರು ತಂದುಕೊಂಡ. ಆ ಹುಡುಗನ ಮುಖ ನೋಡಿಯೂ ನಾನು ಬಾಯಿ ಬಿಡಲಿಲ್ಲ. ಅನ್ನ ಇಳಿಯದಿದ್ದುದು ಅದಕ್ಕೇ.

ಭಾನುವಾರ ಇನ್ನೊಂದು ಸಭೆ ಕರೆದು, ನಿಂತು ಹೇಳಿಬಿಟ್ಟೆ. ಮರ, ಬಂಡೆ, ನೇರಳೆ ಬೀಜ, ಎಲ್ಲವನ್ನೂ.

"ಅಲ್ಲ ದೇವೀರಕ್ಕ, ನೀವು ಒಂದು ವರ್ಷದಿಂದ ಅರ್ಧಾನೇ ನಡೀತಿದ್ರಾ?" ಎಂದು ರುದ್ರೇಶ ಕೇಳಿದ.

"ಒಂದು ವರ್ಷ ಎರಡು ತಿಂಗಳು" ಎಂದೆ.

"ಅಷ್ಟೊಂದು ಏನ್ ಮಾತಾಡ್ತಿದ್ರಮ್ಮ?" ಎಂದು ಹಿಂದಿನ ಸಾಲಿನಿಂದ ಓರಗಿತ್ತಿಯರಲ್ಲಿ ದೊಡ್ಡವಳು ಕೂಗಿದಳು.

"ಅದೆಲ್ಲ ಇಲ್ಲಿ ಹೇಳಕ್ಕಾಗಲ್ಲ" ಎಂದೆ ನಾನು, ಪ್ರಾಮಾಣಿಕವಾಗಿಯೇ.

ನಗು ಎದ್ದಿತು ನೋಡಿ, ಶೆಡ್ಡಿನ ತಗಡು ಹಾರಿಹೋಗಬೇಕು, ಅಷ್ಟು. ಆ ಇಬ್ಬರು ಓರಗಿತ್ತಿಯರು ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕದ್ದನ್ನು ಅವತ್ತೇ ಮೊದಲು ಕಂಡದ್ದು. ನಾನು ರಾಜೀನಾಮೆ ಪತ್ರ ಬರೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿದ್ದೆ. ಯಾರೂ ಕೇಳಲಿಲ್ಲ. ಅವಮಾನಕ್ಕೆ ಸಿದ್ಧಳಾಗಿ ಹೋದವಳು ಹಗುರಾಗಿ ಬಂದೆ. ಅವತ್ತು ರಾತ್ರಿ ಎರಡು ಮುದ್ದೆ ತಿಂದೆ.

ನಮ್ಮ ಸಂಘದಲ್ಲಿ ಹಿಂದಿನಿಂದ ಬಂದ ನಿಯಮವೊಂದಿದೆ. ಯಾರ ಪಾಳಿಯಲ್ಲಿ ದಾರಿ ಹೋಯಿತೋ ಅವರೇ ಅದನ್ನು ಕರೆತರಬೇಕು. ಕರೆತರುವುದೆಂದರೆ ದಾರಿ ಮೊದಲಿದ್ದ ನೆಲದ ಮೇಲೆ, ಅದು ಇದ್ದೇ ಇದೆ ಎನ್ನುವ ಹಾಗೆ, ತುದಿಯಿಂದ ತುದಿಗೆ ನಡೆಯುವುದು. ಕಾಲಿಗೆ ನೆನಪಿರುತ್ತದೆ. ನಡಿಗೆ ಸರಿಯಿದ್ದರೆ ದಾರಿ ಎಲ್ಲಿದ್ದರೂ ಬಂದು ಕಾಲಡಿ ಸೇರುತ್ತದೆ. ಬುಧವಾರ ನಾನು ಕೆಳಗಿನಿಂದ, ಚೆಲುವಯ್ಯನವರು ಮೇಲಿನಿಂದ ಹೊರಡುವುದು. ಮರದ ಹತ್ತಿರ ನಿಲ್ಲಬಾರದು, ಕೂರಬಾರದು. ನಾನು ಮೇಲಟ್ಟಿಗೆ ಹೋಗಿ ಮುಟ್ಟಬೇಕು, ಅವರು ಊರಿಗೆ ಬಂದು ಮುಟ್ಟಬೇಕು. ಮರಿಯಪ್ಪನ ಕೈಯಲ್ಲಿ ಹೇಳಿ ಕಳಿಸಿದೆವು.

ಬುಧವಾರ ತುದಿಗಲ್ಲಿನ ಹತ್ತಿರ ಇಡೀ ಸಂಘ ಸೇರಿತ್ತು. ಹಿಮ್ಮಡಿಯಿಂದ ಕಲ್ಲು ಮುಟ್ಟಿ ಹೊರಟೆ. ನನ್ನ ಅರ್ಧ ಸಲೀಸಾಗಿ ಕಳೆಯಿತು. ಮರ ದಾಟಿ ಹುಲ್ಲಿಗೆ ಕಾಲಿಟ್ಟೆ. ಇಲ್ಲೊಂದು ತಿರುವಿತ್ತು, ಇಲ್ಲೊಂದು ಉದ್ದನೆಯ ಕಲ್ಲಿತ್ತು ಎಂದು ನೆನಪು ಮಾಡಿಕೊಳ್ಳುತ್ತ ಹತ್ತಿದೆ. ಸೀರೆ ಮುಳ್ಳಿಗೆ ಸಿಕ್ಕಿತು, ಬಿಡಿಸಿಕೊಂಡೆ. ಮತ್ತೆ ಸಿಕ್ಕಿತು. ದಾರಿ ಬರಲಿಲ್ಲ. ಒಂದು ಫರ್ಲಾಂಗು ಹೋಗಿರಬೇಕು, ಎದುರಿಗೆ ಲಂಟಾನದ ಪೊದೆ ಅಲುಗಾಡಿತು. ಒಳಗಿಂದ ಚೆಲುವಯ್ಯನವರು ಹೊರಗೆ ಬಂದರು, ಮೈಕೈಯೆಲ್ಲ ಗೀರು. ಅವರ ಕಾಲಡಿಯಲ್ಲೂ ದಾರಿ ಇರಲಿಲ್ಲ. ನಿಲ್ಲಬಾರದು ಎಂದು ಇಬ್ಬರಿಗೂ ಗೊತ್ತು. ಇಬ್ಬರೂ ನಿಂತೆವು.

"ನೀವು ಹೂ ಮುಡ್ಕೊಂಡ್ ಬಂದಿದ್ದೀರಿ" ಎಂದರು ಅವರು.

ಕೈ ತಲೆಗೆ ಹೋಯಿತು. ಹೌದು, ಕನಕಾಂಬರ. ಬೆಳಿಗ್ಗೆ ಯಾವಾಗ ಮುಡಿದೆನೋ ನನಗೇ ನೆನಪಿಲ್ಲ.

"ನೀವು ಇಸ್ತ್ರಿ ಅಂಗಿ ಹಾಕ್ಕೊಂಡ್ ಬಂದಿಲ್ವಾ?" ಎಂದೆ.

ಅವರು ತಮ್ಮ ಅಂಗಿ ನೋಡಿಕೊಂಡರು. ಗಡ್ಡ ಬೇರೆ ನುಣ್ಣಗೆ ಹೆರೆದುಕೊಂಡಿದ್ದರು. "ಹಂಗಾದ್ರೆ ದಾರಿ ಯಾಕ್ ಬಂದದು, ಅಧ್ಯಕ್ಷರೇ?" ಎಂದರು. ನಗು ಬಂತು, ಅಳುವೂ ಬಂತು. ಇಬ್ಬರೂ ಬಂದ ಕಡೆಗೇ ತಿರುಗಿದೆವು.

ಕೆಳಗೆ ರುದ್ರೇಶ ಒಬ್ಬನೇ ಉಳಿದಿದ್ದ. ಉಳಿದವರನ್ನೆಲ್ಲ ಅವನೇ ಮನೆಗೆ ಕಳಿಸಿದ್ದ. ಒಳ್ಳೆಯ ಹುಡುಗ. ನನ್ನ ತಲೆಯ ಹೂವನ್ನು ನೋಡಿ ಸ್ವಲ್ಪ ಹೊತ್ತು ಕಾಲಲ್ಲಿ ಮಣ್ಣು ಕೆದರಿದ. ಆಮೇಲೆ, "ದೇವೀರಕ್ಕ, ಬೇಜಾರು ಮಾಡ್ಕೋಬೇಡಿ. ಅವರನ್ನ ನೋಡ್ಬೇಕು ಅಂತ ನಡೆದ್ರೆ ಅದೂ ಕೆಲಸಾನೇ ಅಲ್ವಾ?" ಎಂದ.

ನಾನು ತಲೆಯಿಂದ ಹೂವು ಬಿಚ್ಚಿ ಸೆರಗಿನ ತುದಿಗೆ ಕಟ್ಟಿಕೊಂಡೆ.

"ಇನ್ನು ಎರಡೇ ದಿನ ಇರೋದು. ಶುಕ್ರವಾರ ಇನ್ನೊಂದ್ಸಲ ನಡೀರಿ. ಮನಸ್ಸಲ್ಲಿ ಏನೂ ಇಟ್ಕೋಬೇಡಿ. ದಾರಿ ಬಂದ ಮೇಲೆ ಪಾಳಿ ಬದಲಾಯಿಸಿಬಿಡೋಣ. ನಿಮಗೆ ಹುಣಸೆತೋಪು, ಅವರಿಗೆ ಮೇಲಿನ ಹಟ್ಟಿಗಳದ್ದು ಯಾವುದಾದ್ರೂ. ಮತ್ತೆ ಹಿಂಗಾಗೋದು ಬೇಡ."

ಸರಿಯಾದ ಮಾತೇ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ, ಇನ್ನೂ ಜೋರಾಗಿ ಹೇಳುತ್ತಿದ್ದೆ. ಅಂಗಡಿಗೆ ಬಂದು ಮಿಷನ್ನಿನ ಮುಂದೆ ಕೂತೆ. ಅಂಗಿಯೊಂದಕ್ಕೆ ಜೇಬು ತಲೆಕೆಳಗಾಗಿ ಹೊಲಿದೆ. ಬಿಚ್ಚಿ ಮತ್ತೆ ತಲೆಕೆಳಗಾಗಿಯೇ ಹೊಲಿದೆ. ಬುಧವಾರ ಹೋದರೆ ನನ್ನ ವಾರದಲ್ಲಿ ಇನ್ನೇನು ಉಳಿಯುತ್ತದೆ ಎಂದು ಯೋಚಿಸಿದೆ. ಕಾಲರು, ಕಾಜ, ಗುಂಡಿ. ಹನ್ನೊಂದು ವರ್ಷ ಅದರಲ್ಲೇ ಚೆನ್ನಾಗಿದ್ದವಳು ನಾನು. ಆ ಮನುಷ್ಯನ ಮೇಲೆ ನನಗೆ ಇಷ್ಟೊಂದು ಆಸೆ ಇದೆ ಎಂದು ನನಗೆ ತಿಳಿದದ್ದು ಅವತ್ತೇ, ತಲೆಕೆಳಗಾದ ಜೇಬನ್ನು ಕೈಯಲ್ಲಿ ಹಿಡಿದುಕೊಂಡು.

ಮನಸ್ಸಲ್ಲಿ ಏನೂ ಇಟ್ಟುಕೊಳ್ಳಬೇಡಿ ಎಂದಿದ್ದ ರುದ್ರೇಶ. ಆದರೆ ಇರುವುದನ್ನು ಇಲ್ಲವೆನ್ನುವುದು ಹೇಗೆ? ಅರ್ಧ ಹೊಲಿದ ಬಟ್ಟೆಯನ್ನು ಎಷ್ಟು ಒಳಗೆ ಮಡಿಸಿಟ್ಟರೂ ಅದು ಬಾಕಿ ಕೆಲಸವೇ. ಒಂದೋ ಬಿಸಾಕಬೇಕು, ಇಲ್ಲವೇ ಹೊಲಿದು ಮುಗಿಸಬೇಕು. ನನಗೆ ಬಟ್ಟೆ ಬಿಸಾಕಿ ಅಭ್ಯಾಸವಿಲ್ಲ. ಕೆಲಸ ಮುಗಿಸಿಬಿಟ್ಟರೆ ಆಮೇಲೆ ನಡೆಯುವುದಕ್ಕೆ ಏನೂ ಅಡ್ಡಿಯಿಲ್ಲ ಎನಿಸಿತು. ಗುರುವಾರ ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ ಕ್ವಾರಿಯ ಬಸ್ಸು ಹತ್ತಿದೆ.

ಕ್ವಾರಿಯಲ್ಲಿ ಇಳಿದರೆ ನಮ್ಮ ದಾರಿ ಅಲ್ಲಿತ್ತು, ಜಲ್ಲಿ ರಾಶಿಯ ಪಕ್ಕದಲ್ಲಿ, ಅಪರಿಚಿತರ ಮನೆಯ ಮದುವೆಗೆ ಬಂದವರ ಹಾಗೆ ಒಂದು ಪಕ್ಕಕ್ಕೆ ಸರಿದುಕೊಂಡು. ಕಲ್ಲಿನ ದೂಳು ಬಿದ್ದು ಬೆಳ್ಳಗಾಗಿತ್ತು. ನನಗೆ ಅಯ್ಯೋ ಎನಿಸಿತು. "ನಾನಿವತ್ತು ಕೆಲಸದ ಮೇಲೆ ಬಂದಿದ್ದೀನಿ, ನನ್ನ ಕಾಲು ನೋಡ್ಬೇಡ" ಎಂದು ಅದಕ್ಕೆ ಹೇಳಿ ಹತ್ತಿದೆ. ಎರಡು ಗಂಟೆಯಾಯಿತು. ಹತ್ತುವಾಗ ಏನು ಹೇಳಬೇಕು ಎಂದು ಮೂರು ತರಹ ಅಭ್ಯಾಸ ಮಾಡಿಕೊಂಡೆ. ಮೂರೂ ಗೌರವಸ್ಥ ಮಾತುಗಳೇ.

ಮೇಲಟ್ಟಿಯಲ್ಲಿ ಹನ್ನೆರಡು ಮನೆ. ಚೆಲುವಯ್ಯನವರದ್ದು ಕೊನೆಯದು. ಮನೆಯ ಹಿಂದಕ್ಕೆ ಹೋದರೆ ಅವರು ಮುಖಕ್ಕೆ ಬಲೆ ಕಟ್ಟಿಕೊಂಡು ಪೆಟ್ಟಿಗೆಯ ಮುಚ್ಚಳ ತೆಗೆದಿದ್ದರು. ನನ್ನನ್ನು ಕಂಡವರೇ ಎರಡೂ ಕೈ ಎತ್ತಿದರು.

"ಅಲ್ಲೇ ನಿಂತ್ಕೊಳ್ಳಿ! ಹತ್ರ ಬರ್ಬೇಡಿ, ಜೇನು ಎದ್ದದೆ!"

ಇಪ್ಪತ್ತು ಮಾರು ದೂರದಲ್ಲಿ ನಿಂತೆ. ಅವರು ಮುಚ್ಚಳ ಹಾಕಿ, ಹುಳು ತಣ್ಣಗಾಗಿ, ಬಲೆ ಬಿಚ್ಚಿ ಬರುವವರೆಗೆ ಕಾಯಬಹುದಿತ್ತು. ಕಾದರೆ ನನ್ನ ಧೈರ್ಯ ಇಳಿದುಹೋಗುತ್ತದೆ ಎಂದು ಗೊತ್ತಿತ್ತು. ಅಭ್ಯಾಸ ಮಾಡಿದ ಮೂರೂ ಮಾತು ಮರೆತುಹೋಗಿದ್ದವು. ಸಂತೆಬೀದಿಯಲ್ಲಿ ಬೈಯುವ ಗಂಟಲಿನಲ್ಲೇ ಕೂಗಿದೆ.

"ಚೆಲುವಯ್ಯನೋರೇ! ಬರೀ ಬುಧವಾರ ಸಾಲ್ದು ನಂಗೆ!"

ಹನ್ನೆರಡೂ ಮನೆಗೆ ಕೇಳಿಸಿತು. ಪಕ್ಕದ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದವರ ಕೈ ನಿಂತಿತು. ಅವರು ಬಲೆಯೊಳಗಿಂದ ನನ್ನನ್ನೇ ನೋಡುತ್ತಿದ್ದರು. ಮುಖ ಕಾಣುತ್ತಿರಲಿಲ್ಲ.

"ಇನ್ನೊಂದ್ಸಲ ಹೇಳಿ" ಎಂದರು.

"ಕೇಳಿಸ್ಲಿಲ್ವಾ?"

"ಕೇಳುಸ್ತು. ಇನ್ನೊಂದ್ಸಲ ಕೇಳ್ಬೇಕು ಅನ್ನುಸ್ತು."

ಇನ್ನೊಂದು ಸಲ ಹೇಳಿದೆ, ಈ ಸಲ ಮೆಲ್ಲಗೆ. ಅವರು ಮುಚ್ಚಳವನ್ನು ನಿಧಾನವಾಗಿ ಕೂರಿಸಿದರು, ಮೇಲೆ ಕಲ್ಲಿಟ್ಟರು, ಬಲೆ ಬಿಚ್ಚುತ್ತ ನನ್ನ ಹತ್ತಿರ ಬಂದರು. ಕಿವಿಯ ಹಿಂದೆ ಒಂದು ಹುಳು ಕಚ್ಚಿ ಊದಿಕೊಂಡಿತ್ತು. "ನಂಗೂ ಸಾಲ್ದು ದೇವೀರಮ್ಮನೋರೇ" ಎಂದರು. "ಹೆಂಗ್ ಹೇಳಾದು ಅಂತ ಒಂದ್ ವರ್ಸದಿಂದ ಯೋಚ್ನೆ ಮಾಡ್ತಾ ಇದ್ದೆ. ಕಂಬ ಹತ್ತಾದು ಸುಲಭ."

ಆಮೇಲಿನದೆಲ್ಲ ಸಂಸಾರಸ್ಥರ ಮಾತು. ಜಗಲಿಯಲ್ಲಿ ಕೂತು ತೀರ್ಮಾನ ಮಾಡಿದೆವು. ನನ್ನ ಹೊಲಿಗೆ ಮಿಷನ್ನು ಬೆಟ್ಟ ಹತ್ತುವುದಿಲ್ಲ, ಅವರ ಜೇನು ಪೆಟ್ಟಿಗೆ ಬೆಟ್ಟ ಇಳಿಯುತ್ತದೆ. ನನ್ನ ಹಿತ್ತಲಲ್ಲಿ ನುಗ್ಗೆ ಇದೆ, ನಿಂಬೆ ಇದೆ, ಹೂವಿಗೆ ಕೊರತೆಯಿಲ್ಲ. ಬೇಸಿಗೆ ಎರಡು ತಿಂಗಳು ಮಾತ್ರ ಮೇಲಟ್ಟಿಯಲ್ಲಿ. ಜನ ಏನಂದಾರು ಎಂದು ಅವರು ಒಂದು ಸಲ ಕೇಳಿದರು. "ಈಗಾಗ್ಲೇ ಶೆಡ್ಡಿನಲ್ಲಿ ಅಂದು ನಕ್ಕು ಮುಗಿಸಿದ್ದಾರೆ" ಎಂದೆ. ಅವತ್ತು ನಾನು ಮರಿಯಪ್ಪನ ಮನೆಯಲ್ಲಿ ಮಲಗಿದೆ. ಅವನ ಹೆಂಡತಿ ಎಮ್ಮೆ ಹಾಲಿನ ಪಾಯಸ ಮಾಡಿದಳು. ಏಕೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ, ಒಂಬತ್ತನೆಯ ದಿನ, ಮೇಲಟ್ಟಿಯ ತುದಿಗಲ್ಲನ್ನು ಇಬ್ಬರೂ ಹಿಮ್ಮಡಿಯಿಂದ ಮುಟ್ಟಿದೆವು. ನಾನು ಹಿಂದಿನ ದಿನದ ಮುದುಡಿದ ಸೀರೆಯಲ್ಲೇ ಇದ್ದೆ. ಅವರ ಗಲ್ಲದ ಮೇಲೆ ಬಿಳಿಯ ಗಡ್ಡ ಚಿಗುರಿತ್ತು, ಕಿವಿ ಇನ್ನೂ ಊದಿತ್ತು. ಹಟ್ಟಿಯವರೆಲ್ಲ ಬಾಗಿಲಲ್ಲಿ ನಿಂತಿದ್ದರು. ನಮ್ಮಿಬ್ಬರ ಕೈಯಲ್ಲೂ ಏನೂ ಇಲ್ಲ. ಕ್ವಾರಿಯ ಕಡೆಗೆ ತಿರುಗಿದ್ದ ದಾರಿಯನ್ನು ಬಿಟ್ಟು, ಹಳೆಯ ನೆಲವಿದ್ದ ಎಡಕ್ಕೆ ಹೆಜ್ಜೆ ಹಾಕಿದೆವು.

ಮೊದಲು ಮುಳ್ಳು, ಹುಲ್ಲು, ಜಾರುವ ಕಲ್ಲು. ಅವರು ಮುಂದೆ, ನಾನು ಹಿಂದೆ. ಜೇನು ಪೆಟ್ಟಿಗೆ ಎಲ್ಲಿಡುವುದು ಎಂಬುದರ ಮೇಲೆ ಸಣ್ಣ ಜಗಳ ಶುರುವಾಯಿತು. ನುಗ್ಗೆ ಮರದಡಿ ಎಂದು ನಾನು, ಅಲ್ಲಿ ಮಿಷನ್ನಿನ ಸದ್ದು ಬೀಳುತ್ತದೆ, ಹುಳುವಿಗೆ ಆಗುವುದಿಲ್ಲ ಎಂದು ಅವರು. ಹಾಗಾದರೆ ನಾನು ಹೊಲಿಗೆ ಬಿಡಬೇಕೋ ಎಂದು ನಾನು. ಈ ಮಾತಿನ ನಡುವೆ ಯಾವಾಗಲೋ ಸೀರೆ ಮುಳ್ಳಿಗೆ ಸಿಕ್ಕುವುದು ನಿಂತಿತ್ತು. ಗಮನಿಸಿದಾಗ ಕಾಲಡಿಯಲ್ಲಿ ನಯವಾದ ಮಣ್ಣಿತ್ತು. ಒಂದು ಹೆಜ್ಜೆ ಮುಂದಿಟ್ಟರೆ ಅಲ್ಲೂ ಮಣ್ಣು. ಅದರ ಮೇಲೆ ಕ್ವಾರಿಯ ಬಿಳಿ ದೂಳು ಇನ್ನೂ ಉಳಿದಿತ್ತು. ನಾನು ಉಸಿರು ಬಿಗಿಹಿಡಿದೆ. ಅವರು ತಿರುಗಿ ನೋಡಿ, ತುಟಿಯ ಮೇಲೆ ಬೆರಳಿಟ್ಟು, ಸುಮ್ಮನೆ ನಡೆಯಿರಿ ಎಂದು ಸನ್ನೆ ಮಾಡಿದರು. ಯಾವ ಶಾಸ್ತ್ರವೋ ಯಾವ ನಿಯಮವೋ ನನಗೆ ಗೊತ್ತಿಲ್ಲ. ಕೆಳಗಿನ ತುದಿಯಲ್ಲಿ ನನಗೆ ಅವತ್ತು ಯಾವ ಕೆಲಸವೂ ಇರಲಿಲ್ಲ, ಅಷ್ಟೇ. ನೋಡಬೇಕಾದವರು ಮುಂದೆಯೇ ನಡೆಯುತ್ತಿದ್ದರು, ಹೇಳಬೇಕಾದ ಮಾತು ಹಿಂದಿನ ದಿನವೇ ಹೇಳಿಯಾಗಿತ್ತು.

ನೇರಳೆ ಮರ ಬಂತು. ದೂರದಲ್ಲಿ, ಕೆಳಗೆ, ತುದಿಗಲ್ಲಿನ ಸುತ್ತ ಸೇರಿದ ನಮ್ಮ ಸಂಘದವರು ಚುಕ್ಕೆಗಳ ಹಾಗೆ ಕಾಣುತ್ತಿದ್ದರು. ಯಾರೋ ಟವೆಲ್ಲು ಬೀಸುತ್ತಿದ್ದರು; ರುದ್ರೇಶನೇ ಇರಬೇಕು. ಚೆಲುವಯ್ಯನವರ ನಡಿಗೆ ಬಂಡೆಯ ಹತ್ತಿರ ತಾನಾಗಿಯೇ ನಿಧಾನವಾಯಿತು. ನನ್ನದೂ ಆಯಿತು. ಒಂದು ವರ್ಷ ಎರಡು ತಿಂಗಳ ಅಭ್ಯಾಸ, ಕಾಲಿಗೇನು ಗೊತ್ತು?

"ಒಂಚೂರು ಕೂತ್ಕೊಳ್ಳವಾ?" ಎಂದರು.

"ಮನೇಲಿ ಕೂತ್ಕೊಳ್ಳೋಣ, ನಡೀರಿ" ಎಂದೆ.

ಅವರು ನಕ್ಕು ಮುಂದೆ ಹೆಜ್ಜೆ ಇಟ್ಟರು. ಆ ಮರವನ್ನು ದಾಟಿ ನಾವಿಬ್ಬರೂ ಒಂದೇ ಕಡೆಗೆ ನಡೆದದ್ದು ಅದೇ ಮೊದಲು.